ಲಾಂಗ್ ಟರ್ಮ್ ಕೇರ್ ಅಂದರೆ ಒಂದು ಜಾಗ ಅಲ್ಲ

‘ಅಜ್ಜಿಯನ್ನು ಲಾಂಗ್ ಟರ್ಮ್ ಕೇರ್‌ಗೆ ಸೇರಿಸಿದೆವು.’ ಈ ಥರದ ವಾಕ್ಯ ಈಗ ಎಲ್ಲೆಲ್ಲೂ ಕಾಣುತ್ತದೆ. ನರ್ಸಿಂಗ್ ಹೋಮಿಗೆ, ಅಂದರೆ ಅಲ್ಲೇ ಉಳಿದು ಹಗಲು ರಾತ್ರಿ ಆರೈಕೆ ಪಡೆಯುವ ಜಾಗಕ್ಕೆ, ಸೇರಿಸಿದ್ದರೆ ‘ನರ್ಸಿಂಗ್ ಹೋಮಿಗೆ ಸೇರಿಸಿದೆವು’ ಎಂದೇ ಹೇಳಬಹುದಲ್ವಾ? ದಿನನಿತ್ಯದ ಕೆಲಸಗಳನ್ನು ಒಬ್ಬರೇ ಮಾಡಿಕೊಳ್ಳಲು ಆಗದವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಡುವ ನೆರವೇ ಲಾಂಗ್ ಟರ್ಮ್ ಕೇರ್. ಮನೆಯಲ್ಲೇ ಮಗಳು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವುದೂ ಅದೇ. ಬೆನ್ನುಹುರಿಗೆ ಪೆಟ್ಟಾದ ಹುಡುಗನಿಗೂ ಅದು ಬೇಕಾಗಬಹುದು.

ಇದಕ್ಕಿಂತ ಜಾಸ್ತಿ ತೊಂದರೆ ಕೊಡುವ ಗೊಂದಲ ಇನ್ನೊಂದಿದೆ. ಎಷ್ಟು ಆರೈಕೆ ಬೇಕು ಎಂದು ಕೇಳಿದರೆ ಜನ ಕಾಯಿಲೆಗಳ ಪಟ್ಟಿ ಕೊಡುತ್ತಾರೆ. ಶುಗರ್, ಬಿಪಿ, ಮಂಡಿನೋವು. ಇವು ಡಾಕ್ಟರಿಗೆ ಬೇಕಾದ ಮಾಹಿತಿ. ಒಂದೇ ಕಾಯಿಲೆಯ ಇಬ್ಬರಲ್ಲಿ ಒಬ್ಬರು ಅಡುಗೆ ಮಾಡಿಕೊಂಡು ಓಡಾಡುತ್ತಿರಬಹುದು, ಇನ್ನೊಬ್ಬರಿಗೆ ಮಂಚದಿಂದ ಏಳಲೂ ಆಸರೆ ಬೇಕಿರಬಹುದು.

ಹಾಗಾಗಿಯೇ ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ಜೊತೆಗಾರರು 1963ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಕಾಯಿಲೆಯ ಹೆಸರೇ ಇಲ್ಲ. ಇರುವುದು 6 ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯ ಬಳಸುವುದು, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರದ ಹಿಡಿತ, ಊಟ. ಪ್ರತಿಯೊಂದಕ್ಕೂ ನೆರವು ಬೇಕೋ ಬೇಡವೋ, ಅಷ್ಟೇ ಪ್ರಶ್ನೆ.

‘ನೆರವು’ ಎಂಬಲ್ಲೇ ಮನೆಯವರು ಎಡವುವುದು. ಸ್ನಾನವನ್ನೇ ನೋಡಿ. ಬೆನ್ನು ಮಾತ್ರ ಬೇರೆಯವರು ಉಜ್ಜಿದರೆ ಕಾಟ್ಜ್ ಲೆಕ್ಕದಲ್ಲಿ ಅವರು ಸ್ವತಂತ್ರರೇ. ಆದರೆ ಜಾರಿ ಬಿದ್ದಾರು ಎಂದು ಪೂರ್ತಿ ಹೊತ್ತು ಬಾಗಿಲ ಬಳಿ ಒಬ್ಬರು ನಿಂತಿರಲೇಬೇಕು ಎಂದಾದರೆ, ಮೈ ಮುಟ್ಟದಿದ್ದರೂ ಅದು ನೆರವು. ‘ಈಗ ಸೋಪು ಹಚ್ಕೊಳ್ಳಿ, ಈಗ ನೀರು ಹಾಕ್ಕೊಳ್ಳಿ’ ಎಂದು ಹೇಳಿಕೊಡುವುದೂ ನೆರವೇ. ಮರೆವಿನ ಕಾಯಿಲೆ ಇರುವವರ ಮನೆಗಳಲ್ಲಿ ಈ ಕೆಲಸ ದಿನವಿಡೀ ನಡೆಯುತ್ತದೆ. ಆದರೂ ‘ಅಪ್ಪ ಎಲ್ಲಾ ತಾವೇ ಮಾಡ್ಕೊಳ್ತಾರೆ’ ಎಂದೇ ಹೇಳುತ್ತಾರೆ. ಪಕ್ಕದಲ್ಲಿ ನಿಂತವರ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಈ ಆರೂ ಸರಿಯಿದ್ದ ಮಾತ್ರಕ್ಕೆ ಒಬ್ಬರೇ ಇರಬಲ್ಲರು ಎಂದೂ ಅಲ್ಲ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬ ಅಮೆರಿಕದ ಸಂಶೋಧಕರು ಇನ್ನೂ 8 ಕೆಲಸಗಳನ್ನು ಪಟ್ಟಿ ಮಾಡಿದರು. ಫೋನ್ ಬಳಸುವುದು, ಮಾತ್ರೆ ತೆಗೆದುಕೊಳ್ಳುವುದು, ಹಣದ ವ್ಯವಹಾರ ಎಲ್ಲ ಅದರಲ್ಲಿವೆ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಇವೇ.

ಆಯ್ಕೆಗಳ ವಿಚಾರ ಆಮೇಲೆ ಸುಲಭ. ಬೆಳಗಿನ ಸ್ನಾನಕ್ಕಷ್ಟೇ ನೆರವು ಬೇಕಿದ್ದರೆ ಮನೆಗೆ ಬಂದುಹೋಗುವ ಸಹಾಯಕರು ಸಾಕು. ಹಗಲಲ್ಲಿ ಒಬ್ಬರನ್ನೇ ಬಿಡಲಾಗದಿದ್ದರೆ ಡೇ ಕೇರ್, ಅಂದರೆ ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ. ರಾತ್ರಿಯೂ ಎತ್ತಿ ಕೂರಿಸಬೇಕು, ಗಾಯಕ್ಕೆ ಡ್ರೆಸಿಂಗ್ ಆಗಬೇಕು ಎಂದಾದರೆ ಮನೆಯಲ್ಲಿ ಪಾಳಿಯ ಮೇಲೆ ಜನ ಬೇಕು, ಇಲ್ಲವೇ ನರ್ಸಿಂಗ್ ಹೋಮ್.

ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ ಎಂಬುದನ್ನು ಸುಮ್ನೆ ಅಂದಾಜಿನಲ್ಲಿ ಹೇಳಬೇಡಿ. ಒಂದು ವಾರ ಬರೆದಿಟ್ಟುಕೊಳ್ಳಿ. ಸ್ನಾನ, ಶೌಚದ ಬಗ್ಗೆ ಆರೈಕೆ ಬೇಕಾದವರನ್ನೇ ಕೇಳಿ, ಆದರೆ ಬೇರೆಯವರ ಎದುರಿಗೆ ಬೇಡ. ನಾಲ್ಕು ಜನರ ಮುಂದೆ ‘ನಂಗೇನೂ ಕಷ್ಟ ಇಲ್ಲ’ ಎನ್ನುವವರೇ ಜಾಸ್ತಿ.