ವಾರಕ್ಕೆ ಒಂದೆರಡು ಗಂಟೆ ಕೊಟ್ಟರೆ ಒಂದು ಮಗುವಿಗೆ ಉಪಯೋಗ ಆಗುತ್ತಾ?

ಪ್ರಶ್ನೆ: ಕಷ್ಟದಲ್ಲಿ ಬೆಳೆಯುತ್ತಿರುವ ಹದಿಹರೆಯದ ಮಕ್ಕಳಿಗೆ ಮೆಂಟರ್ ಆಗಬೇಕು, ಅಂದರೆ ಜೊತೆಗಿದ್ದು ದಾರಿ ತೋರಿಸಬೇಕು ಅಂತ ಬಹಳ ದಿನದಿಂದ ಆಸೆ ಇದೆ. ಆದರೆ ನಾನು ಕೌನ್ಸೆಲರ್ ಅಲ್ಲ, ಟೀಚರೂ ಅಲ್ಲ. ವಾರಕ್ಕೆ ಒಂದೆರಡು ಗಂಟೆ ಬಿಡುವು ಸಿಗುತ್ತದೆ, ಅಷ್ಟೆ. ನನ್ನಂಥವರಿಂದ ಅವರಿಗೆ ನಿಜಕ್ಕೂ ಉಪಯೋಗ ಆಗುತ್ತಾ?

ಆಗುತ್ತದೆ. ಆದರೆ ನಾನು ತಿರುಗಿ ನಿಮ್ಮನ್ನು ಒಂದು ಮಾತು ಕೇಳಬೇಕು: ಒಂದು ವರ್ಷ ಬಿಡದೆ ಬರುತ್ತೀರಾ? ನನ್ನ ಪ್ರಕಾರ ಈ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಇಲ್ಲ.

ಮೊದಲು ನಿಮ್ಮ ಅಳುಕಿನ ವಿಷಯ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ತಂಡ ದಶಕಗಳ ಕಾಲ ಗಮನಿಸುತ್ತಾ ಬಂತು. ಬಡತನ, ಮನೆಯಲ್ಲಿ ಜಗಳ, ಕುಡಿತ, ಹೆತ್ತವರ ಮಾನಸಿಕ ಕಾಯಿಲೆ. ಇಂಥ ಕಷ್ಟಗಳು ಒಂದರ ಮೇಲೊಂದು ಬಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗದವರು ಚೆನ್ನಾಗಿಯೇ ಬೆಳೆದು ನಿಂತರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ತಮ್ಮನ್ನು ಇದ್ದ ಹಾಗೇ ಒಪ್ಪಿಕೊಂಡ ಒಬ್ಬ ದೊಡ್ಡವರು. ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಪಕ್ಕದ ಮನೆಯವರು. ಮೆಂಟರ್ ಆಗಲೆಂದು ಯಾರೂ ಕೋರ್ಸ್ ಮಾಡಿಕೊಂಡು ಬಂದಿರಲಿಲ್ಲ.

ಅಂಥ ಒಬ್ಬರು ತಾನಾಗಿ ಸಿಗದ ಮಕ್ಕಳೂ ಇದ್ದಾರಲ್ಲ, ಅವರಿಗಾಗಿಯೇ ಮೆಂಟರಿಂಗ್ ಸಂಸ್ಥೆಗಳು ಹುಟ್ಟಿಕೊಂಡವು. ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಇವುಗಳಲ್ಲಿ ಹಳೆಯದು, ಅದರ ಬೇರು 1904ರಷ್ಟು ಹಿಂದಕ್ಕೆ ಹೋಗುತ್ತದೆ. ಈ ಸಂಸ್ಥೆಯ ಮೇಲೆ 1995ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು. 10ರಿಂದ 16 ವರ್ಷದ 959 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮೆಂಟರ್ ಕೊಟ್ಟರು, ಉಳಿದವರನ್ನು ಕಾಯುವ ಪಟ್ಟಿಯಲ್ಲಿಟ್ಟರು. 18 ತಿಂಗಳಾದ ಮೇಲೆ ನೋಡಿದರೆ, ಮೆಂಟರ್ ಇದ್ದ ಮಕ್ಕಳು ಡ್ರಗ್ಸ್ ಶುರು ಮಾಡುವ ಸಾಧ್ಯತೆ ಶೇ. 46ರಷ್ಟು ಕಡಿಮೆಯಾಗಿತ್ತು. ಶಾಲೆಗೆ ಚಕ್ಕರ್ ಹಾಕುವುದು ಅರ್ಧಕ್ಕೆ ಇಳಿದಿತ್ತು. ಒಂದು ಮಾತು ಗಮನಿಸಿ: ಆ ಜೋಡಿಗಳಲ್ಲಿ ಹೆಚ್ಚಿನವು ತಿಂಗಳಿಗೆ ಮೂರು ಸಲವಾದರೂ, ಪ್ರತಿ ಸಲ ಮೂರ್ನಾಲ್ಕು ಗಂಟೆ ಜೊತೆಗಿರುತ್ತಿದ್ದವು. ವಾರಕ್ಕೆ ಒಂದು ಗಂಟೆಯಿಂದ ಅಷ್ಟೇ ಫಲ ಬರುತ್ತದೆ ಅಂತ ನಾನು ಹೇಳಲಾರೆ. ಎರಡು ಗಂಟೆ ಹೊಂದಿಸಿಕೊಳ್ಳಿ, ಆಗುತ್ತೆ ಅಲ್ವಾ?

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಅದೇ ಮಕ್ಕಳ ಮಾಹಿತಿಯನ್ನು ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಮತ್ತೆ ತೆರೆದು ನೋಡಿದರು. ಈ ಸಲ ಪ್ರತಿ ಜೋಡಿ ಎಷ್ಟು ಕಾಲ ಉಳಿಯಿತು ಅಂತ ಲೆಕ್ಕ ಹಾಕಿದರು. ಒಂದು ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಲಾಭ ಆಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಗೌರವವೇ ಕುಗ್ಗಿತ್ತು, ಮೆಂಟರ್ ಸಿಗದೆ ಇದ್ದ ಮಕ್ಕಳಿಗಿಂತಲೂ ಹೆಚ್ಚು. ಬಂದು ಬಿಟ್ಟುಹೋಗುವುದಕ್ಕಿಂತ ಬಾರದಿರುವುದೇ ವಾಸಿ ಅಂತಾಯಿತು. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಆ ಮಗುವನ್ನು ಮೊದಲೇ ಯಾರೋ ಬಿಟ್ಟುಹೋಗಿರುತ್ತಾರೆ. ನೀವೂ ಹೋದರೆ, ತಪ್ಪು ನನ್ನಲ್ಲೇ ಇದೆ ಅಂತ ಅದು ನಂಬಿಬಿಡುತ್ತದೆ.

ಅದಕ್ಕೇ ಮೊದಲ ಕೆಲವು ವಾರ ಗಟ್ಟಿಯಾಗಿರಿ. ಹುಡುಗ ಮಾತಾಡುವುದಿಲ್ಲ. ಬರುತ್ತೇನೆ ಅಂದವನು ಬರುವುದಿಲ್ಲ, ಫೋನೂ ಎತ್ತುವುದಿಲ್ಲ. ಎಷ್ಟೋ ಸಲ ಇದು ಸೋಮಾರಿತನ ಅಲ್ಲ, ಪರೀಕ್ಷೆ. ಇವರೂ ಹೋಗುತ್ತಾರಾ ಅಂತ ನೋಡುತ್ತಿರುತ್ತಾನೆ. ಮುಂದಿನ ವಾರ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ. ‘ಯಾಕೆ ಬರಲಿಲ್ಲ’ ಅಂತ ಗದರಬೇಡಿ. ‘ಹೋದ ವಾರ ನಿನ್ನನ್ನ ಕಾದೆ, ಇವತ್ತು ಬಂದೆಯಲ್ಲ, ಖುಷಿಯಾಯ್ತು’ ಅಂದರೆ ಸಾಕು.

ಬುದ್ಧಿ ಹೇಳುವ ಆತುರವೂ ಬೇಡ. 82 ಜೋಡಿಗಳನ್ನು ಹತ್ತಿರದಿಂದ ನೋಡಿದ ಇನ್ನೊಂದು ಅಧ್ಯಯನದಲ್ಲಿ, ಮಗುವನ್ನು ತಿದ್ದಲೇಬೇಕು ಅಂತ ಹೊರಟ ಮೆಂಟರ್‌ಗಳ ಜೋಡಿಗಳಲ್ಲಿ ಹೆಚ್ಚಿನವು ಮುರಿದವು. ಮಗುವಿನ ಇಷ್ಟ ಕೇಳಿ, ಮೊದಲು ನಂಟು ಬೆಳೆಯಲಿ ಅಂತ ಬಿಟ್ಟವರ ಜೋಡಿಗಳು ಉಳಿದವು. ಎದುರುಬದುರು ಕೂತು ‘ಹೇಳು, ಏನು ಕಷ್ಟ’ ಅಂದರೆ ಬಾಯಿ ಕಟ್ಟಿಹೋಗುತ್ತದೆ. ಜೊತೆಯಲ್ಲಿ ಸೈಕಲ್ ಚೈನ್ ಹಾಕುವಾಗ, ಅಡುಗೆ ಮಾಡುವಾಗ, ಸುಮ್ನೆ ನಡೆಯುವಾಗ ಮಾತು ತಾನೇ ಹೊರಡುತ್ತದೆ. ಅರ್ಧ ಗಂಟೆ ಇಬ್ಬರೂ ಏನೂ ಆಡದಿದ್ದರೂ ಆ ಭೇಟಿ ವ್ಯರ್ಥವಾಗುವುದಿಲ್ಲ.

ಅನಾಥಾಲಯದಿಂದಲೋ ಬಾಲಮಂದಿರದಿಂದಲೋ ವಯಸ್ಸು ತುಂಬಿ ಹೊರಬರುವ ಮಕ್ಕಳಿಗೆ ಬೇಕಾಗುವುದು ಇನ್ನೂ ಸಣ್ಣ ಸಣ್ಣ ಸಂಗತಿ. ಬ್ಯಾಂಕ್ ಖಾತೆ ತೆರೆಯುವುದು ಹೇಗೆ, ಬಾಡಿಗೆ ಕರಾರಿನಲ್ಲಿ ಏನು ನೋಡಬೇಕು, ಕೆಲಸದ ಇಂಟರ್‌ವ್ಯೂಗೆ ಏನು ಹಾಕಿಕೊಂಡು ಹೋಗಬೇಕು. ಬೇರೆ ಮಕ್ಕಳು ಇದನ್ನೆಲ್ಲ ಮನೆಯಲ್ಲಿ ಕೇಳಿಬಿಡುತ್ತಾರೆ. ಇವರಿಗೆ ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡುವುದು ಅಂತಲೂ ಗೊತ್ತಿರುವುದಿಲ್ಲ. ಇಂಥ ಕಡೆ ನಿಮ್ಮ ಪರಿಚಯದ ಒಬ್ಬರ ಹೆಸರು ಹೇಳಿ ಜೊತೆಗೆ ಹೋದರೂ ದೊಡ್ಡ ಉಪಕಾರ.

ಕೆಲವು ಕಟ್ಟುಪಾಡು ಬೇಕೇ ಬೇಕು. ಒಬ್ಬರೇ ಹೊರಡಬೇಡಿ. ನಿಮ್ಮ ಹಿನ್ನೆಲೆ ವಿಚಾರಿಸುವ, ತರಬೇತಿ ಕೊಡುವ, ತಿಂಗಳಿಗೊಮ್ಮೆ ‘ಹೇಗಿದೆ’ ಅಂತ ಕೇಳುವ ಸಂಸ್ಥೆಯ ಮೂಲಕವೇ ಹೋಗಿ. ವಿಚಾರಿಸದೆ ಸೇರಿಸಿಕೊಂಡರೆ ಆ ಸಂಸ್ಥೆಯನ್ನೇ ಬಿಡಿ. ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲೇ ಭೇಟಿಯಾಗಿ. ಕೈಗೆ ದುಡ್ಡು ಕೊಡುವ ಅಭ್ಯಾಸ ಮಾಡಬೇಡಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಲೇಬೇಡಿ. ಯಾರೋ ಹೊಡೆಯುತ್ತಿದ್ದಾರೆ, ಸಾಯಬೇಕು ಅನ್ನಿಸುತ್ತಿದೆ ಅಂತ ಮಗು ಹೇಳಿದರೆ ಅದನ್ನು ಅದೇ ದಿನ ಸಂಸ್ಥೆಗೆ ತಿಳಿಸಬೇಕಾಗುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಹೇಳಿಬಿಡಿ.

ವರ್ಷ ತುಂಬುವ ಮೊದಲೇ ಊರು ಬಿಡಬೇಕಾಗಿ ಬರಬಹುದು, ಕೆಲಸ ಬದಲಾಗಬಹುದು. ಆಗ ಮೆಲ್ಲಗೆ ಜಾರಿಕೊಳ್ಳಬೇಡಿ. ಒಂದು ತಿಂಗಳು ಮುಂಚೆ ತಿಳಿಸಿ. ಕಾರಣ ನಿಜವಾದದ್ದನ್ನೇ ಹೇಳಿ, ಇದು ನಿನ್ನಿಂದ ಆದದ್ದಲ್ಲ ಅಂತ ಬಾಯಿ ಬಿಟ್ಟು ಹೇಳಿ. ಕೊನೆಯ ಭೇಟಿ ಯಾವ ದಿನ ಅಂತ ಇಬ್ಬರೂ ಸೇರಿ ಗೊತ್ತು ಮಾಡಿ, ಆ ದಿನ ತಪ್ಪದೆ ಹೋಗಿ.