'ಜಾಗ ಹೋಯ್ತು': ಪಣಂಬೂರಿನಿಂದ ಪೆರ್ಮುದೆವರೆಗೆ

ಮಂಗಳೂರು ಹತ್ತಿರದ ಸುರತ್ಕಲ್ ಕಡೆಯ ಹಿರಿಯರನ್ನು ಊರು ಯಾವುದು ಅಂತ ಕೇಳಿದರೆ ಕೆಲವರು ಎರಡು ಹೆಸರು ಹೇಳುತ್ತಾರೆ. ಈಗ ಕಾಟಿಪಳ್ಳ, ಮೊದಲು ಪಣಂಬೂರು. ನವಮಂಗಳೂರು ಬಂದರಿಗಾಗಿ ಮನೆ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ನೆಲೆ ಕೊಟ್ಟಿದ್ದರು. ಭೂಸ್ವಾಧೀನ ಅನ್ನುವುದು ಕಚೇರಿಯ ಮಾತು. ಇವರು ಹೇಳುವುದು ಇಷ್ಟೇ: 'ಜಾಗ ಹೋಯ್ತು'.

ಆದರೂ ಬಂದರು ಸರ್ಕಾರದ್ದು, ಎಲ್ಲರಿಗೂ ಬೇಕಾದದ್ದು. ಕಂಪನಿಗೆ ಬೇಕಾದ ಜಾಗವನ್ನು ಸರ್ಕಾರ ಯಾಕೆ ಬಿಡಿಸಿಕೊಡಬೇಕು ಅನ್ನುವ ಪ್ರಶ್ನೆ ಜೋರಾದದ್ದು ಆಮೇಲೆ.

ಇದರ ಬೇರು ಬ್ರಿಟಿಷರ 1894ರ ಕಾಯ್ದೆಯಲ್ಲಿದೆ. 'ಸಾರ್ವಜನಿಕ ಉದ್ದೇಶ' ಅಂತ ಬರೆದರೆ ಸಾಕಿತ್ತು, ಮಾಲೀಕನ ಒಪ್ಪಿಗೆ ಬೇಕಿರಲಿಲ್ಲ. ಸಂವಿಧಾನ ಬಂದಾಗ ಆಸ್ತಿ ಮೂಲಭೂತ ಹಕ್ಕಾಗಿತ್ತು, 1978ರ 44ನೇ ತಿದ್ದುಪಡಿ ಅದನ್ನೂ ತೆಗೆಯಿತು. ನಮ್ಮಲ್ಲಿ ಜಾಸ್ತಿ ಬಳಕೆಯಾಗುವುದು 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆ. ಮೊದಲು ಜಾಗ ಬೇಕು ಅನ್ನುವ ಸೆಕ್ಷನ್ 28(1) ನೋಟಿಸ್, ಆಕ್ಷೇಪಕ್ಕೆ 30 ದಿನ, ನಂತರ 28(4) ಅಧಿಸೂಚನೆ. ಅದು ಗೆಜೆಟ್‌ನಲ್ಲಿ ಬಂದರೆ ಮುಗಿಯಿತು, ನೀವು ಒಳಗೆ ಅಡುಗೆ ಮಾಡುತ್ತಿದ್ದರೂ ಮನೆ ಸರ್ಕಾರದ್ದು.

2005ರಲ್ಲಿ ವಿಶೇಷ ಆರ್ಥಿಕ ವಲಯದ (ಎಸ್ಇಝಡ್) ಕಾಯ್ದೆ ಬಂತು. ಬಜ್ಪೆ, ಕಳವಾರು, ತೋಕೂರು, ಪೆರ್ಮುದೆ ಸುತ್ತ ಎಸ್ಇಝಡ್‌ಗೆ ಜಾಗ ಹೋಗತೊಡಗಿತು. ಇಲ್ಲಿ ಒಂದು ವಿಷಯ ನೋಡಿ. ಜಾಗ ತೆಗೆದುಕೊಟ್ಟ ಕೆಐಎಡಿಬಿಯೇ ಎಸ್ಇಝಡ್ ಕಂಪನಿಯ ಪಾಲುದಾರ ಕೂಡ. ಆಕ್ಷೇಪ ಕೇಳಬೇಕಾದವರೇ ಜಾಗ ಬೇಕಾದವರೂ ಆದರೆ ರೈತ ಯಾರ ಹತ್ತಿರ ಹೋಗಬೇಕು? ನನ್ನ ಪ್ರಕಾರ ಇಡೀ ತಕರಾರಿನ ತಿರುಳೇ ಇದು. ಪರಿಹಾರ ಎಷ್ಟು ಅನ್ನುವುದು ಆಮೇಲಿನ ಮಾತು.

2010ರಲ್ಲಿ ಕಳವಾರಿನಲ್ಲಿ ಬಿಡಲು ಒಪ್ಪದ ಕೃಷಿಕ ಕುಟುಂಬವೊಂದರ ಮನೆ ಕೆಡವಿದರು. ಹೋರಾಟ ದೊಡ್ಡದಾಯಿತು, ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿಯವರೂ ರೈತರ ಪರ ನಿಂತರು. 2011ರಲ್ಲಿ ಸರ್ಕಾರ ಎರಡನೇ ಹಂತದ 2,035 ಎಕರೆ ಕೈಬಿಟ್ಟಿತು. ಕುತ್ತೆತ್ತೂರು, ತೆಂಕ ಎಕ್ಕಾರು, ದೇಲಂತಬೆಟ್ಟಿನ ಎಷ್ಟೋ ಮನೆಗಳು ಹಾಗೆ ಉಳಿದವು. ಜನ ಒಟ್ಟಾಗಿ ನಿಂತದ್ದಕ್ಕೇ ಉಳಿದದ್ದು, ಸುಮ್ನೆ ಅಲ್ಲ.

2013ರ ಹೊಸ ಕೇಂದ್ರ ಕಾಯ್ದೆ ಖಾಸಗಿ ಕಂಪನಿಗಾದರೆ ಶೇ. 80 ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು ಅಂತು. ಒಳ್ಳೆಯದೇ. ಆದರೆ ಕೆಐಎಡಿಬಿ ಕಾಯ್ದೆಯಲ್ಲಿ ಆ ಷರತ್ತೇ ಇಲ್ಲ. ಹಾಗಾಗಿ 28(1) ಅಂದರೆ ಇವತ್ತಿಗೂ ಊರಿನವರ ಎದೆ ಧಸಕ್ ಅನ್ನುತ್ತದೆ.

ಪರಿಹಾರದ ಪಟ್ಟಿಯಲ್ಲಿ ತೆಂಗು, ಅಡಿಕೆ, ಬಾವಿ, ಮುರಕಲ್ಲಿನ ಗೋಡೆ ಎಲ್ಲಕ್ಕೂ ದರ ಬರೆಯುತ್ತಾರೆ. ನಾಗಬನಕ್ಕೆ? ಜಾಗ ಕಳೆದುಕೊಂಡ ಮನೆಯೊಂದರಲ್ಲಿ ಅಜ್ಜಿ ನನಗೆ ಆ ಪಟ್ಟಿಯ ಜೆರಾಕ್ಸ್ ತೋರಿಸಿದರು, ಮಡಚಿ ಮಡಚಿ ನಡುವೆ ಹರಿದಿತ್ತು. ಹಲಸಿನ ಮರ ಎರಡು ಅಂತ ಬರೆದಿದ್ದರು. "ಮೂರಿತ್ತು ಮಗಾ" ಅಂದರು. ಪ್ರತಿ ನಾಗರಪಂಚಮಿಗೆ ಅವರ ಮನೆಯವರು ಹಾಲು, ಸೀಯಾಳ ಹಿಡಿದುಕೊಂಡು ಹಳೇ ಬನಕ್ಕೆ ಹೋಗುತ್ತಾರೆ. ಗೇಟಿನಲ್ಲಿ ಹೆಸರು, ಫೋನ್ ನಂಬರ್ ಬರೆದು ಒಳಗೆ ಹೋಗಬೇಕು.