‘ಮೊದಲ ಭಾರತೀಯ’ ಎಂದರೆ, ಅಲ್ಲಿಯವರೆಗೆ ತಡೆದವರು ಯಾರು?

ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಬದುಕನ್ನು ಕೊಡಗಿನ ಮಕ್ಕಳಿಗೆ ಹೇಳುವಾಗ ‘ಮೊದಲ ಭಾರತೀಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಓಟದಲ್ಲಿ ಮೊದಲು ಬಂದ ಹಾಗೆ ಎಂದು ಮಕ್ಕಳು ತಿಳಿಯುತ್ತಾರೆ. ಪಾಠ ಎಡವುವುದು ಇಲ್ಲೇ. ಅವರಿಗಿಂತ ಮುಂಚೆ ಸಮರ್ಥರಿದ್ದರು, ದಾರಿ ಇರಲಿಲ್ಲ. 1917ರವರೆಗೆ ಕಾಲಾಳು ಪಡೆಯ ಭಾರತೀಯ ಎಷ್ಟು ವರ್ಷ ದುಡಿದರೂ ಸಾಮಾನ್ಯವಾಗಿ ಸುಬೇದಾರ್ ಮೇಜರ್ ಹುದ್ದೆಗೇ ನಿಲ್ಲಬೇಕಿತ್ತು. ನಿನ್ನೆ ಮೊನ್ನೆ ಸೇರಿದ ಬ್ರಿಟಿಷ್ ಲೆಫ್ಟಿನೆಂಟ್ ಕೂಡ ಅವನಿಗೆ ಮೇಲಧಿಕಾರಿ. ಕಾರ್ಯಪ್ಪನವರಿಗೆ ಕಿಂಗ್ಸ್ ಕಮಿಷನ್, ಅಂದರೆ ಬ್ರಿಟಿಷ್ ದೊರೆಯ ಹೆಸರಿನಲ್ಲಿ ಕೊಡುವ ಅಧಿಕಾರಿ ಹುದ್ದೆ, ಸಿಕ್ಕಿದ್ದು 1919ರಲ್ಲಿ, ಇಂದೋರಿನ ಡೇಲಿ ಕಾಲೇಜಿನ ತರಬೇತಿಯ ನಂತರ. 1923ರಲ್ಲಿ ಸರ್ಕಾರ ಭಾರತೀಯ ಅಧಿಕಾರಿಗಳಿಗೆಂದು ಎಂಟೇ ಘಟಕಗಳನ್ನು ಗೊತ್ತುಮಾಡಿತು. ಬಿಳಿಯರು ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದು ಎಂಬ ಲೆಕ್ಕ ಅದು. ಕಾರ್ಯಪ್ಪ ಬೆಟಾಲಿಯನ್ ಒಂದರ ಮುಖ್ಯಸ್ಥರಾದದ್ದು 1942ರಲ್ಲಿ, ಇಡೀ ಸೇನೆಗೆ 1949ರ ಜನವರಿ 15ರಂದು.

ಈ ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲಾಗಿ ಬರೆಯಿರಿ: ಮೇಲೆ ವ್ಯಕ್ತಿಯ ಬದುಕು, ಕೆಳಗೆ ಆಗಿನ ನಿಯಮ. 40 ನಿಮಿಷದ ತರಗತಿಯಲ್ಲಿ ಓದಿಗೆ 10 ನಿಮಿಷ ಸಾಕು, ಉಳಿದದ್ದು ಕೆಳಗಿನ ಸಾಲಿಗೆ. ಬಹುತೇಕ ಪುಸ್ತಕಗಳು ಬಿಟ್ಟುಬಿಡುವುದು ಅದನ್ನೇ.

ಇನ್ನೊಂದು ತೊಡಕು ನಮ್ಮ ಭಾಷೆಯದು. ‘ಜನಾಂಗ’ ಎಂದರೆ ನಮ್ಮ ಮಕ್ಕಳಿಗೆ ಜಾತಿ, ಸಮುದಾಯ. ಬ್ರಿಟಿಷರ ‘ರೇಸ್’ ಬೇರೆ: ರಕ್ತದಿಂದಲೇ ಶೌರ್ಯ, ಬುದ್ಧಿ ಬರುತ್ತದೆಂಬ ನಂಬಿಕೆ. ಅದು ಕೊಡಗಿನ ಕಾನೂನಿನೊಳಗೂ ಸೇರಿತು. 1861ರಿಂದ ಬಂದ ಕೋವಿ ವಿನಾಯಿತಿ (ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಅವಕಾಶ) ‘ಕೂರ್ಗ್ ರೇಸ್’ಗೆ ಸೇರಿದವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಅನ್ವಯಿಸುತ್ತದೆ. ಒಂದು ಹುಟ್ಟಿನ ಆಧಾರ, ಇನ್ನೊಂದು ಭೂಮಿಯದು. ಇವೆರಡನ್ನು ಬಿಡಿಸಿ ಹೇಳದಿದ್ದರೆ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಹೆಮ್ಮೆ, ಇನ್ನರ್ಧಕ್ಕೆ ನೋವು ಉಳಿಯುತ್ತದೆ. ಚರಿತ್ರೆ ಯಾರಿಗೂ ದಕ್ಕುವುದಿಲ್ಲ.

ಐದು, ಆರನೇ ತರಗತಿಗೆ ಗೌರಮ್ಮನ ಕಥೆಯೇ ಒಳ್ಳೆಯದು. ಅದು ಅವರದೇ ವಯಸ್ಸಿನ ಹುಡುಗಿಯದು. 1834ರಲ್ಲಿ ಪದಚ್ಯುತನಾದ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನ ಈ ಮಗಳು ಹುಟ್ಟಿದ್ದು 1841ರಲ್ಲಿ. 1852ರಲ್ಲಿ ಅಪ್ಪನೊಂದಿಗೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ಕ್ರೈಸ್ತ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ತನ್ನ ಹೆಸರನ್ನೇ ಕೊಟ್ಟಳು. ಗೌರಮ್ಮ ತೀರಿಕೊಂಡಿದ್ದು 1864ರಲ್ಲಿ, 23 ತುಂಬುವ ಮೊದಲೇ. ‘ರಾಣಿ ಸಾಕಿದ ಅದೃಷ್ಟವಂತೆ’ ಎಂದು ಮುಗಿಸುವುದು ಈ ಮಗುವಿಗೆ ಮಾಡುವ ಅನ್ಯಾಯ. ರಾಣಿ ಬರೆಸಿದ ಅವಳ ಚಿತ್ರವನ್ನು ತೋರಿಸಿ, ಉಡುಪು ಯಾರು ಆರಿಸಿರಬಹುದು, ಹೆಸರು ಬದಲಿಸುವಾಗ ಅವಳನ್ನು ಯಾರಾದರೂ ಕೇಳಿರಬಹುದೇ ಎಂದು ಚರ್ಚೆಗೆ ಬಿಡಿ.

ತೋಟದ ಕಾರ್ಮಿಕರ ಲೈನ್‌ಮನೆಯ ಮಗುವೂ ತೋಟದ ಮಾಲೀಕರ ಮಗುವೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆಗಳಿವೆ. ಹಾಡಿಯಿಂದ ಬಂದ ಎರವ ಅಥವಾ ಜೇನುಕುರುಬ ಮಗುವನ್ನು ಎಬ್ಬಿಸಿ ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಲೇಬೇಡಿ. ಬದಲಿಗೆ ಇಡೀ ತರಗತಿಗೆ ಒಂದೇ ಕೆಲಸ ಕೊಡಿ: ಮನೆಯ ಹಿರಿಯರೊಬ್ಬರ ಬದುಕು ಒಂದು ಪುಟದಲ್ಲಿ, ಅದರ ಕೆಳಗೆ ಎರಡನೇ ಸಾಲಾಗಿ ಆಗಿನ ನಿಯಮ. ಓದಿ ಹೇಳುವುದು ಇಷ್ಟವಿದ್ದವರು ಮಾತ್ರ.